ಗುಂಡಿ ಎಡಕ್ಕೋ ಬಲಕ್ಕೋ

ಸೋಮವಾರ ಬೆಳಿಗ್ಗೆ ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಮನೆಯಿಂದಲೇ ಕೆಲಸ, ಹಾಗಾಗಿ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಫೋನು ಮೂರು ಸಲ ಗುಂಯ್ ಅಂತು. ನಮ್ಮ ಭಾನುವಾರದ ಸೈಕಲ್ ಗುಂಪಿನ ವಾಟ್ಸಾಪ್. ಹಿಂದಿನ ದಿನ ಹಂಪಿಯಲ್ಲಿ ತೆಗೆದ ಫೋಟೋ ಬಂದಿರಬೇಕು ಅಂತ ತೆರೆದೆ. ಫೋಟೋ ಬಂದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವೂ ಇತ್ತು. ಯಾವುದೋ ಆನ್‌ಲೈನ್ ಅಂಗಡಿಯ ಸ್ಕ್ರೀನ್‌ಶಾಟ್. ನನ್ನದೇ ನೇರಳೆ ಬಣ್ಣದ ಜರ್ಸಿ, ನನ್ನದೇ ಬಿಳಿ ಪಟ್ಟಿ. ಹಾಕಿಕೊಂಡವಳು ಮಾತ್ರ ಒಬ್ಬ ಮಾಡೆಲ್ ಹುಡುಗಿ. ಕೆಳಗೆ ದಪ್ಪಕ್ಷರದಲ್ಲಿ ‘ವಿಮೆನ್ಸ್ ಸೈಕ್ಲಿಂಗ್ ಜರ್ಸಿ’.

ಕಳಿಸಿದವರು ನಮ್ಮ ಗುಂಪಿನ ಬ್ಯಾಂಕಿನವರು. ಜೊತೆಗೆ ಒಂದೇ ಸಾಲು: “ಮೇಡಂ, ಇದು ನೀವೇನಾ?”

ಮೀಟಿಂಗ್ ಮುಗಿಯುವುದರೊಳಗೆ ಗುಂಪಿನ ತುಂಬಾ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳು. ನಾನೂ ಒಂದು ಹಳದಿ ಮುಖ ಹಾಕಿ ಬರೆದೆ: “ಅಯ್ಯೋ, ಹೆಂಡ್ತಿ ಆರ್ಡರ್ ಮಾಡಿದ್ದು ಮಾರಾಯ್ರೆ, ನಾನು ನೋಡ್ಲೇ ಇಲ್ಲ!”

ಸುಳ್ಳು. ನಾನೇ ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಕ್ರೀಡಾ ಮಳಿಗೆಯಲ್ಲಿ ಮುಕ್ಕಾಲು ಗಂಟೆ ನಿಂತು, ಟ್ರಯಲ್ ರೂಮಿಗೆ ನಾಲ್ಕು ಸಲ ಹೋಗಿಬಂದು, ಆರಿಸಿ ತಂದ ಜರ್ಸಿ ಅದು. ತಂದ ದಿನವೇ ಕತ್ತಿನ ಹಿಂದಿನ ಲೇಬಲ್ಲನ್ನು ಅಪ್ಪನ ಕತ್ತರಿಯಿಂದ ಕತ್ತರಿಸಿ ಬಿಸಾಡಿದ್ದೆ. ಈಗ ಆ ಅಪರಾಧವನ್ನು, ಪಕ್ಕದ ರೂಮಿನಲ್ಲಿ ಏನೂ ಅರಿಯದೆ ಮಗುವಿಗೆ ಇಡ್ಲಿ ತಿನ್ನಿಸುತ್ತಿದ್ದ ಹೆಂಡತಿಯ ತಲೆಗೆ ಕಟ್ಟಿದೆ.

ಯಾಕೆ ತಂದೆ ಅಂತ ಹೇಳಿಬಿಡುತ್ತೇನೆ. ನಾನು ಐದಡಿ ಮೂರಿಂಚು. ತೂಕ 53 ಕೆಜಿ. ಎದೆ 34. ಗಂಡಸರ ಸೈಕ್ಲಿಂಗ್ ಜರ್ಸಿಯ ‘ಸ್ಮಾಲ್’ ನನ್ನ ಮೈಮೇಲೆ ಸಂತೆಯ ಟೆಂಟಿನ ಹಾಗೆ ನಿಲ್ಲುತ್ತದೆ. ಸೈಕಲ್ ತುಳಿಯದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಜರ್ಸಿ ಬಿಗಿಯಾಗಿರುವುದು ಶೋಕಿಗಲ್ಲ. ಸಡಿಲವಾಗಿದ್ದರೆ ಗಾಳಿ ಒಳಗೆ ತುಂಬಿಕೊಂಡು ನಾವೇ ಬಲೂನು ಆಗುತ್ತೇವೆ. ಟಿ.ಬಿ. ಡ್ಯಾಮ್ ಕಡೆಯಿಂದ ಎದುರು ಗಾಳಿ ಬೀಸುವಾಗ ಒಂದೊಂದು ಕಿಲೋಮೀಟರೂ ಎರಡಾಗುತ್ತದೆ. ಇನ್ನು ಬೆನ್ನ ಹಿಂದೆ ಮೂರು ಜೇಬು ಇರುತ್ತವೆ. ಫೋನು, ಎರಡು ಬಾಳೆಹಣ್ಣು, ಪಂಕ್ಚರ್ ಸಾಮಾನು ಅಲ್ಲಿ. ಅಂಗಿ ದೊಗಲೆಯಾದರೆ ಆ ಮೂರೂ ಸೇರಿ ಸೊಂಟದಿಂದ ಕೆಳಕ್ಕೆ ಜೋತುಬಿದ್ದು ಪ್ರತಿ ತುಳಿತಕ್ಕೂ ಹಿಂದಿನಿಂದ ಯಾರೋ ತಟ್ಟಿದಂತಾಗುತ್ತದೆ.

ಅವತ್ತು ಆ ಮಳಿಗೆಯಲ್ಲಿ ಗಂಡಸರ ವಿಭಾಗ ಮುಗಿಸಿ ನಿರಾಸೆಯಿಂದ ಹೊರಟವನು ಪಕ್ಕದ ರ್‍ಯಾಕಿನಲ್ಲಿ ಈ ನೇರಳೆ ಜರ್ಸಿ ನೋಡಿದೆ. ಅರ್ಧ ಬೆಲೆಗೆ ಇಟ್ಟಿದ್ದರು. ಹಾಕಿ ನೋಡಿದೆ. ಭುಜದ ಹೊಲಿಗೆ ನನ್ನ ಭುಜದ ಮೇಲೆಯೇ ಕೂತಿತು. ತೋಳು ಮೊಳಕೈಗಿಂತ ಮೇಲೆಯೇ ನಿಂತಿತು. ಜೀವಮಾನದಲ್ಲಿ ಮೊದಲ ಸಲ ರೆಡಿಮೇಡ್ ಬಟ್ಟೆಯೊಂದು ನನಗೇ ಹೊಲಿದ ಹಾಗಿತ್ತು. ದರ್ಜಿಯ ಮಗನಿಗೆ ಆ ಸುಖ ಏನು ಅಂತ ಗೊತ್ತಿರುತ್ತದೆ.

ಹೌದು, ನಮ್ಮಪ್ಪ ಹೊಸಪೇಟೆಯಲ್ಲಿ ಜೆಂಟ್ಸ್ ಟೇಲರ್. ಬೋರ್ಡಿನ ಮೇಲೆ ‘ಜೆಂಟ್ಸ್’ ಅನ್ನುವ ಪದ ಅಂಗಡಿಯ ಹೆಸರಿಗಿಂತ ದೊಡ್ಡದಾಗಿತ್ತು. ನಾನು ಚಿಕ್ಕವನಿದ್ದಾಗ ಗುಂಡಿ ಹಚ್ಚಲು ಕೂರಿಸಿ ಮೊದಲು ಹೇಳಿಕೊಟ್ಟ ಪಾಠವೇ ಇದು: “ಗಂಡಸರ ಅಂಗಿಗೆ ಗುಂಡಿ ಬಲಕ್ಕ, ಹೆಂಗಸರ ಅಂಗಿಗೆ ಎಡಕ್ಕ. ಇದು ತಪ್ಪಿದ್ರ ಅಂಗಿ ಚಂದ ಹೊಲ್ದೂ ಉಪಯೋಗಿಲ್ಲ.” ಯಾಕಪ್ಪಾ ಅಂದರೆ, “ಯಾಕಂದ್ರ ಹಂಗ ಐತಿ” ಅನ್ನುತ್ತಿದ್ದ. ಆ ಮನುಷ್ಯನಿಗೆ ನನ್ನ ಜರ್ಸಿ ಕಂಡರೆ ಏನಾಗಬಹುದು ಅನ್ನುವ ಅಳುಕಿಗೇ ನಾನು ಲೇಬಲ್ ಕತ್ತರಿಸಿದ್ದು.

ಮೊದಲ ಎರಡು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ಹಂಪಿಗೆ 13 ಕಿಲೋಮೀಟರು, ಬೆಳಕು ಹರಿಯುವ ಮುಂಚೆ ಹೊರಟು ಕಮಲಾಪುರದ ಕೆರೆ ದಂಡೆ ಮೇಲೆ ಸೂರ್ಯನನ್ನು ನೋಡಿ, ಒಂಬತ್ತಕ್ಕೆಲ್ಲ ಮನೆ. “ಜರ್ಸಿ ಮಸ್ತ್ ಐತ್ರೀ, ಎಲ್ಲಿ ತಗೊಂಡ್ರಿ?” ಅಂತ ಇದೇ ಬ್ಯಾಂಕಿನವರೇ ಕೇಳಿದ್ದರು. ಅದು ಮಸ್ತ್ ಆಗಿದ್ದದ್ದು ಅದರ ಹೆಸರು ಗೊತ್ತಾಗುವ ತನಕ.

ಧೈರ್ಯ ಹೆಚ್ಚಾಗಿ ನಾನೊಂದು ತಪ್ಪೂ ಮಾಡಿದೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಏಕಪಕ್ಷೀಯವಾಗುತ್ತದೆ. ಜರ್ಸಿ ಇಷ್ಟು ಚೆನ್ನಾಗಿ ಹೊಂದಿತಲ್ಲ ಅಂತ ಅದೇ ಕಂಪನಿಯ ಹೆಂಗಸರ ಶಾರ್ಟ್ಸ್ ಕೂಡ ತರಿಸಿದೆ. ಅದನ್ನು ಹಾಕಿಕೊಂಡು ಸಂಡೂರಿಗೆ ಹೊರಟೆ. ಸುಮಾರು 30 ಕಿಲೋಮೀಟರು, ಗುಡ್ಡ, ಅದಿರಿನ ಲಾರಿ, ಕೆಂಪು ಧೂಳು. ಸೈಕ್ಲಿಂಗ್ ಶಾರ್ಟ್ಸಿನ ಒಳಗೆ ಒಂದು ಮೆತ್ತೆ ಇರುತ್ತದೆ. ಸೀಟಿನ ಮೇಲೆ ನಮ್ಮ ಭಾರ ಹೊರುವುದು ಕೂರುವ ಎರಡು ಮೂಳೆಗಳು. ಹೆಂಗಸರಲ್ಲಿ ಸಾಮಾನ್ಯವಾಗಿ ಆ ಮೂಳೆಗಳ ನಡುವಿನ ಅಂತರ ಹೆಚ್ಚು, ಹಾಗಾಗಿ ಅವರ ಮೆತ್ತೆ ಹಿಂದೆ ಅಗಲ, ಮುಂದೆ ಗಿಡ್ಡ. ಗಂಡಸರದ್ದು ಮುಂದಕ್ಕೆ ಉದ್ದ, ಮುಂಭಾಗದಲ್ಲಿ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಯಾಕೆ ಬಿಟ್ಟಿರುತ್ತಾರೆ ಅನ್ನುವುದು ಘಾಟಿಯ ಅರ್ಧಕ್ಕೆ ನನಗೆ ಸ್ಪಷ್ಟವಾಯಿತು. ಸಂಡೂರು ಮುಟ್ಟುವ ಹೊತ್ತಿಗೆ ಕೆಲವು ಕಡೆ ವಿಪರೀತ ಗೊತ್ತಾಗುತ್ತಿತ್ತು, ಕೆಲವು ಕಡೆ ಏನೂ ಗೊತ್ತಾಗುತ್ತಿರಲಿಲ್ಲ. ವಾಪಸ್ಸು ಬಂದದ್ದು ಟಾಟಾ ಏಸಿನಲ್ಲಿ, ಈರುಳ್ಳಿ ಚೀಲದ ಮೇಲೆ, ಒಂದು ಮಗ್ಗಲಾಗಿ ಮಲಗಿಕೊಂಡು.

ಈರುಳ್ಳಿ ಚೀಲದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ಗಂಡಿನ ಬಟ್ಟೆ ಹೆಣ್ಣಿನ ಬಟ್ಟೆ ಅನ್ನುವುದೆಲ್ಲ ಬರೀ ಕಲ್ಪನೆ ಅಂತ ನನ್ನ ಬೆಂಗಳೂರಿನ ಗೆಳೆಯರ ಹಾಗೆ ಹೇಳಿಬಿಡಲು ಬರುವುದಿಲ್ಲ. ಮೂಳೆಗೆ ಅದರದ್ದೇ ಲೆಕ್ಕವಿದೆ. ಆದರೆ ಆ ಲೆಕ್ಕ ನಿಜವಾಗಿ ಅನ್ವಯಿಸುವುದು ಒಂದು ಅಂಗೈಯಗಲದ ಮೆತ್ತೆಗೆ. ಮಿಕ್ಕಿದ್ದೆಲ್ಲ, ಅಂದರೆ ಬಣ್ಣ, ಪಟ್ಟಿ, ಹೂವು, ಸೊಂಟದ ಕಟಿಂಗು, ಇವೆಲ್ಲ ಅಳತೆ ಮತ್ತು ರುಚಿಯ ಪ್ರಶ್ನೆ. ನಾವು ಅಂಗೈಯಗಲದ ಸತ್ಯವನ್ನು ತಂದು ಇಡೀ ಕಪಾಟಿಗೆ ಹೊದಿಸುತ್ತೇವೆ.

ಬಣ್ಣದ ಮಾತೇ ತಗೊಳ್ಳಿ. ಸೈಕಲ್ ಲೋಕದಲ್ಲಿ ಗಂಡಸರು ಪ್ರಾಣ ಕೊಟ್ಟು ಬಯಸುವ ಅಂಗಿಗಳಲ್ಲಿ ಒಂದು ಗುಲಾಬಿ ಬಣ್ಣದ್ದು. ಜಿರೋ ಡಿ ಇಟಾಲಿಯಾ ರೇಸಿನಲ್ಲಿ ಮುಂದಿರುವವನಿಗೆ 1931ರಿಂದ ಗುಲಾಬಿ ಜರ್ಸಿ ಕೊಡುತ್ತಾರೆ. ಕಾರಣ ಸರಳ. ರೇಸು ನಡೆಸುತ್ತಿದ್ದ ಪತ್ರಿಕೆ ಗುಲಾಬಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಆಲ್ಪ್ಸ್ ಪರ್ವತ ಹತ್ತಿದವನ ಮೈಮೇಲೆ ಅದು ಪೌರುಷ. ಹೊಸಪೇಟೆ ಸ್ಟೇಷನ್ ರೋಡಿನಲ್ಲಿ ಅದೇ ಬಣ್ಣ ಹಾಕಿಕೊಂಡರೆ “ಏನೋ ಪಿಂಕೀ”. ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಕಥೆ. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ದಾರ ಸೇರಿದ ಆ ಕೆಲಸಕ್ಕೆ ಈಗ ಜಿಐ ಟ್ಯಾಗ್ ಇದೆ. ಮೂಲದಲ್ಲಿ ಅದು ತಾಂಡಾದ ಹೆಣ್ಣುಮಕ್ಕಳ ಲಂಗ, ಕುಪ್ಪಸದ ಮೇಲಿನ ಸಿಂಗಾರ. ನನ್ನ ಟೀಮಿನ ಹುಡುಗನೊಬ್ಬ ಆ ಕಸೂತಿಯ ಜಾಕೆಟ್ ಹಾಕಿಕೊಂಡು ದೀಪಾವಳಿ ಪಾರ್ಟಿಗೆ ಬಂದಾಗ ಎಲ್ಲರೂ ‘ಎಥ್ನಿಕ್’ ಅಂತ ಹೊಗಳಿದರು. ಬೆಲೆ ಏರಿದರೆ ಹೆಣ್ಣಿನ ಬಟ್ಟೆಯೂ ಸ್ಟೈಲು. ಅರ್ಧ ಬೆಲೆಗೆ ತಂದರೆ ಮೇಡಂ.

ಇದನ್ನೆಲ್ಲ ಈಗ ಇಷ್ಟು ಜಾಣತನದಿಂದ ಬರೆಯುತ್ತಿದ್ದೇನೆ. ಅವತ್ತು ಸೋಮವಾರ ನನಗೆ ಇದ್ಯಾವುದೂ ಹೊಳೆಯಲಿಲ್ಲ. ಹೊಟ್ಟೆಯೊಳಗೆ ಒಂದು ಹಳೆಯ ಸಂಕಟ ಎದ್ದು ಕೂತಿತ್ತು. ‘ಮೇಡಂ’ ಅನ್ನಿಸಿಕೊಂಡದ್ದು ನನಗೆ ಅದು ಮೊದಲ ಸಲವಲ್ಲ.

2007ರಲ್ಲಿ ಅಕ್ಕ ಎಂಟನೇ ಕ್ಲಾಸಿನಲ್ಲಿದ್ದಳು. ಅದರ ಹಿಂದಿನ ವರ್ಷವಷ್ಟೇ ಸರ್ಕಾರ ಎಂಟನೇ ಕ್ಲಾಸಿನವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿತ್ತು. ಅವಳದ್ದು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ನನ್ನದು ಫೀ ಕಟ್ಟುವ ಇಂಗ್ಲಿಷ್ ಮೀಡಿಯಂ. ಒಂದೇ ಮನೆ, ಒಂದೇ ಹೊಲಿಗೆ ಮಷೀನಿನ ದುಡ್ಡು. ಅವಳಿಗೆ ಸರ್ಕಾರ ಸೈಕಲ್ ಕೊಟ್ಟಿತು, ನನಗೆ ಅಪ್ಪ ಇಂಗ್ಲಿಷ್ ಕೊಡಿಸಿದ. ನಮ್ಮ ಬೀದಿಯ ಬಹಳಷ್ಟು ಮನೆಗಳಲ್ಲಿ ಲೆಕ್ಕ ಹೀಗೇ ಇತ್ತು, ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ನಡುವೆ ಬಾರ್ ಇಲ್ಲದ ಲೇಡೀಸ್ ಸೈಕಲ್ ಅದು. ಅಕ್ಕ ಅದನ್ನು ದಿನಾ ಒರೆಸುತ್ತಿದ್ದಳು. ಚೈನಿಗೆ ಅಪ್ಪನ ಮಷೀನಿನ ಎಣ್ಣೆ ಕದ್ದು ಬಿಡುತ್ತಿದ್ದಳು. ಎರಡೂ ಜಡೆ ಹಿಂದಕ್ಕೆ ಹಾರಿಸಿಕೊಂಡು ಕಾಲುವೆ ದಂಡೆ ಮೇಲೆ ಅವಳು ಹೋಗುತ್ತಿದ್ದರೆ ನಾನು ಹಿಂದಿನಿಂದ ಓಡುತ್ತಿದ್ದೆ. ಮೂರು ವರ್ಷ ಹೀಗೆ. 2010ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಕಾಲೇಜಿಗೆ ಹೋಗುವ ಹುಡುಗಿ ಸೈಕಲ್ ತುಳಿಯುವುದು ಬೇಡ, ನಾಲ್ಕು ಜನ ನೋಡ್ತಾರೆ, ಅಂತ ಅಜ್ಜಿ ಅಂದಳು. ಸೈಕಲ್ ನನ್ನ ಪಾಲಿಗೆ ಬಂತು.

ಮೊದಲ ದಿನ ಶಾಲೆಯ ಗೇಟಿನ ಒಳಗೆ ಹೋಗುತ್ತಿದ್ದ ಹಾಗೆ ಯಾರೋ ಕೂಗಿದರು: “ಏ ಮೇಡಂ ಬಂದ್ರು, ದಾರಿ ಬಿಡ್ರಲೇ!” ಮಧ್ಯಾಹ್ನದ ಹೊತ್ತಿಗೆ ಹ್ಯಾಂಡಲ್ಲಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದ್ದರು. ನಾಲ್ಕನೇ ದಿನ ನಾನು ಸೈಕಲ್ ಒಲ್ಲೆ ಅಂತ ಊಟ ಬಿಟ್ಟು ಕೂತೆ. ಅಪ್ಪ ಎರಡು ಸಲ ಬೈದ, ಮೂರನೇ ಸಲ ಸೋತ. ಆ ಸೈಕಲ್ಲನ್ನು ಒಬ್ಬ ಸೆಕೆಂಡ್‌ಹ್ಯಾಂಡ್ ಅಂಗಡಿಯವನಿಗೆ ಮಾರಿ, ಮೇಲೆ ದುಡ್ಡು ಹಾಕಿ, ನನಗೆ ಬಾರ್ ಇರುವ ಸೈಕಲ್ ತಂದ. ಅಕ್ಕ ಆವತ್ತು ಬಾಗಿಲ ಹತ್ತಿರ ನಿಂತಿದ್ದಳು. ಏನೂ ಅನ್ನಲಿಲ್ಲ. ಎರಡು ವರ್ಷ ಪಿಯುಸಿಗೆ ನಡೆದುಕೊಂಡು ಹೋದಳು.

ಈ ಕಥೆ ನನಗೆ ಮರೆತಿರಲಿಲ್ಲ. ಆದರೆ ಇಷ್ಟು ವರ್ಷ ಅದರಲ್ಲಿ ಪೆಟ್ಟು ತಿಂದವನು ನಾನು ಅಂತಲೇ ನೆನಪಿಟ್ಟುಕೊಂಡಿದ್ದೆ.

ಸೋಮವಾರ ಸಂಜೆ ಗುಂಪಿಗೆ ಇನ್ನೊಂದು ಮೆಸೇಜು ಬಂತು. ನಮ್ಮ ಒಂಬತ್ತು ಜನರಲ್ಲಿ ಒಬ್ಬರೇ ಹೆಣ್ಣುಮಗಳು, ಹಲ್ಲಿನ ಡಾಕ್ಟ್ರು. ಹೆಚ್ಚು ಮಾತಾಡುವವರಲ್ಲ. ಬರೆದಿದ್ದರು: “ನಾನು ಮೂರು ವರ್ಷದಿಂದ ಗಂಡಸರ ಜರ್ಸಿನೇ ಹಾಕ್ತಿದೀನಿ. ನಮ್ಮ ಗ್ರೂಪ್ ಜರ್ಸಿ ಯುನಿಸೆಕ್ಸ್ ಅಂತ ಆರ್ಡರ್ ಮಾಡಿದ್ರಲ್ಲ, ಅದೂ ಗಂಡಸರ ಕಟಿಂಗೇ. ಭುಜ ಜಾರುತ್ತೆ, ಸೊಂಟದಲ್ಲಿ ಹಿಡಿಯುತ್ತೆ. ಇವತ್ತಿನ ತನಕ ಯಾರೂ ನನ್ನ ‘ಸರ್’ ಅಂತ ಕರೆದು ನಗಲಿಲ್ಲ. ಯಾಕಿರಬಹುದು?”

ಹಳದಿ ಮುಖಗಳು ನಿಂತವು.

ಯಾಕಿರಬಹುದು? ಉತ್ತರ ಎಲ್ಲರಿಗೂ ಗೊತ್ತಿತ್ತು, ಯಾರೂ ಬರೆಯಲಿಲ್ಲ. ಹೆಣ್ಣು ಗಂಡಿನ ಬಟ್ಟೆ ಹಾಕಿಕೊಂಡರೆ ನಮ್ಮ ಕಣ್ಣಿಗೆ ಅದು ಪ್ರಮೋಷನ್. ಗಂಡು ಹೆಣ್ಣಿನದ್ದು ಹಾಕಿಕೊಂಡರೆ ಡಿಮೋಷನ್. ಮೊದಲಿನದಕ್ಕೂ ಜನ ಸುಮ್ಮನೆ ಒಪ್ಪಿಕೊಂಡವರಲ್ಲ. 1894ರಲ್ಲಿ ಆನಿ ಲಂಡನ್‌ಡೆರಿ ಅನ್ನುವ ಹೆಸರಿಟ್ಟುಕೊಂಡು ಒಬ್ಬ ತಾಯಿ ಅಮೆರಿಕದ ಬಾಸ್ಟನ್ನಿನಿಂದ ಲೋಕ ಸುತ್ತಲು ಸೈಕಲ್ ಹತ್ತಿದಳು. ಉದ್ದ ಲಂಗ, ಭಾರದ ಲೇಡೀಸ್ ಸೈಕಲ್. ಶಿಕಾಗೋ ಮುಟ್ಟುವುದರೊಳಗೆ ಎರಡೂ ಸಾಕಾಗಿ, ಗಂಡಸರ ಹಗುರ ಸೈಕಲ್ಲಿಗೆ ಬದಲಾಯಿಸಿಕೊಂಡಳು, ಲಂಗ ಹೋಗಿ ಚಲ್ಲಣ ಬಂತು. ಆ ಕಾಲಕ್ಕೆ ಚಲ್ಲಣ ತೊಟ್ಟ ಹೆಂಗಸರನ್ನು ಜನ ಬೀದಿಯಲ್ಲಿ ಆಡಿಕೊಂಡರು, ಪತ್ರಿಕೆಗಳು ಚಿತ್ರ ಬರೆದು ನಕ್ಕವು. ಅವರು ನಗೆಗೆ ಜಗ್ಗದೆ ತುಳಿದ ಕಾರಣಕ್ಕೆ ಇವತ್ತು ಡಾಕ್ಟ್ರು ಗಂಡಸರ ಜರ್ಸಿ ಹಾಕಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅಂದರೆ ಆ ಬಾಗಿಲನ್ನು ಹೆಂಗಸರು ದೂಡಿ ದೂಡಿ ತೆಗೆದಿದ್ದಾರೆ. ಈ ಕಡೆಯ ಬಾಗಿಲನ್ನು ನಾವು ಗಂಡಸರು ಮುಟ್ಟಿಯೇ ಇಲ್ಲ. ಹೆಣ್ಣಿನ ಹಾಗೆ ಕಾಣುವುದು ಅವಮಾನ ಅನ್ನಬೇಕಾದರೆ, ಹೆಣ್ಣಾಗಿರುವುದೇ ಕಡಿಮೆ ಅಂತ ಮೊದಲು ಒಪ್ಪಿಕೊಂಡಿರಬೇಕು. ಹೆಂಡತಿಯ ಮೇಲೆ ಸುಳ್ಳು ಹೇಳಿದ ಕ್ಷಣ ನಾನು ಅದನ್ನು ಒಪ್ಪಿಕೊಂಡು ಸಹಿ ಹಾಕಿದ್ದೆ.

ಆದರೂ ಮೂರು ಭಾನುವಾರ ನಾನು ಹೋಗಲಿಲ್ಲ. ಕಾಲುನೋವು, ಮಗುವಿಗೆ ಜ್ವರ, ಆಫೀಸು ಅಂತ ಏನೇನೋ. ಮೂರನೇ ಭಾನುವಾರ ಜರ್ಸಿ ಒಗೆದು ತಂತಿಗೆ ಹಾಕಿದ್ದು ಅಪ್ಪನ ಕಣ್ಣಿಗೆ ಬಿತ್ತು. ಈಗ ಅಪ್ಪನ ಕಣ್ಣಿಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಕಟಿಂಗ್ ಮಾತ್ರ ಹತ್ತು ಮಾರು ದೂರದಿಂದ ತಿಳಿಯುತ್ತದೆ. ಹತ್ತಿರ ಹೋಗಿ ಬಟ್ಟೆ ತಿರುಗಿಸಿ, ಪಕ್ಕದ ಹೊಲಿಗೆ ಮೇಲೆ ಹೆಬ್ಬೆರಳು ಓಡಿಸಿದ.

“ಇದು ಲೇಡೀಸ್ ಕಟಿಂಗ್ ಅಲ್ಲೇನೋ?”

“ಹೂಂ.”

“ಹಾಕ್ಕೊಂಡು ಬಾ, ನೋಡೂಣು.”

ಹಸಿಯಾಗಿದ್ದದ್ದನ್ನೇ ಹಾಕಿಕೊಂಡು ನಿಂತೆ. ಅಪ್ಪ ನನ್ನ ಸುತ್ತ ಒಂದು ಸುತ್ತು ಬಂದ. “ಶೋಲ್ಡರ್ ಸರಿ ಕುಂತೈತಿ. ಎದಿ ಸರಿ ಐತಿ. ಸೊಂಟದಾಗ ಅರ್ಧ ಇಂಚು ಬಿಡಬೇಕಿತ್ತು. ಬಿಟ್ಟುಕೊಡ್ಲೇನು?”

ಅಷ್ಟೇ. ನಾನು ಕಾಯುತ್ತಿದ್ದ ಬೈಗುಳ ಬರಲೇ ಇಲ್ಲ. ತಡೆಯಲಾರದೆ ಕೇಳಿದೆ: “ಅಲ್ಲಪ್ಪಾ, ಗುಂಡಿ ಎಡಕ್ಕ ಬಂದ್ರ ಅಂಗಿ ಉಪಯೋಗಿಲ್ಲ ಅಂತಿದ್ದಿ?”

ಅಪ್ಪ ನಕ್ಕ. ಆಮೇಲೆ ನನಗೆ ಗೊತ್ತೇ ಇರದ ಒಂದು ಕಥೆ ಹೇಳಿದ. ಮೊದಲೆಲ್ಲ ಸುತ್ತಲ ಹಳ್ಳಿಗಳಲ್ಲಿ ಬಯಲಾಟ ಆಡುವಾಗ ಹೆಣ್ಣು ಪಾತ್ರ ಮಾಡುತ್ತಿದ್ದವರು ಗಂಡಸರೇ. ಅವರಿಗೆ ಕುಪ್ಪಸ ಬೇಕು. ಲೇಡೀಸ್ ಟೇಲರ್ ಅಂಗಡಿಯಲ್ಲಿ ಹೆಂಗಸರ ನಡುವೆ ನಿಂತು ಅಳತೆ ಕೊಡಲು ನಾಚಿಕೆ. ಹಾಗಾಗಿ ಕತ್ತಲಾದ ಮೇಲೆ ಅಪ್ಪನ ಅಂಗಡಿಗೆ ಬರುತ್ತಿದ್ದರಂತೆ. ದ್ರೌಪದಿ ಪಾತ್ರದವನು 40 ಇಂಚಿನ ಎದೆಯ ಹಮಾಲಿ. “ಅವನ ಕುಪ್ಪಸಕ್ಕ ಬಟ್ಟಿ ಎಷ್ಟು ಬೇಕಾಗಿತ್ತು ಗೊತ್ತೇನು!” ಹುಲಿಗಿ ಜಾತ್ರೆಯ ಮುಂಚೆ ಜೋಗತಿಯರೂ ಬರುತ್ತಿದ್ದರು. ಬೇರೆಯವರು ಅಳತೆ ತೆಗೆಯಲು ಒಲ್ಲೆ ಅನ್ನುತ್ತಿದ್ದರಂತೆ. “ನಾ ಒಲ್ಲೆ ಅನ್ನಲಿಲ್ಲ. ಟೇಪಿಗೆ ಗಂಡು ಹೆಣ್ಣು ಇರತೈತೇನು? ಅದರಾಗ ಇರೂದು ಇಂಚು.”

“ಮತ್ತ ಬೋರ್ಡಿನ ಮ್ಯಾಲೆ ಜೆಂಟ್ಸ್ ಅಂತ ಅಷ್ಟು ದೊಡ್ಡದಾಗಿ ಯಾಕ ಬರಿಸಿದ್ದಿ?”

“ಬೋರ್ಡು ಬೀದಿಯವರಿಗೆ. ಟೇಪು ಗಿರಾಕಿಗೆ,” ಅಂದ ಅಪ್ಪ.

ಜೋಗತಿಯರ ಮಾತು ಬಂದ ಮೇಲೆ ನನಗೆ ನನ್ನ ಮೂರು ವಾರದ ಮುನಿಸು ಬಹಳ ಸಣ್ಣದಾಗಿ ಕಂಡಿತು. ನಮ್ಮ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮುಂಚೆ ಸೀರೆಯ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ಸೀರೆಯನ್ನೂ ನನ್ನ ಜರ್ಸಿಯನ್ನೂ ಒಂದೇ ತಂತಿಗೆ ಹಾಕುವಷ್ಟು ನಾನು ದಡ್ಡನಲ್ಲ. ಅವರಿಗೆ ಸೀರೆ ಸ್ಟೈಲೂ ಅಲ್ಲ, ಸೈಜೂ ಅಲ್ಲ. ತಾನು ಯಾರು ಅನ್ನುವುದರ ಉತ್ತರ. ಅದಕ್ಕಾಗಿ ಅವರು ಮನೆ ಕಳೆದುಕೊಂಡು ಭಿಕ್ಷೆ ಬೇಡಿದ್ದಾರೆ. ನಾನು ಕಳೆದುಕೊಂಡದ್ದು ಮೂರು ಭಾನುವಾರ. ಆದರೆ ‘ಮೇಡಂ’ ಅನ್ನುವ ನಗೆ ಹುಟ್ಟುವ ಬಾಯಿ ಎರಡೂ ಕಡೆ ಒಂದೇ. ನನ್ನ ಮಟ್ಟಿಗೆ ಅದು ಚೇಷ್ಟೆಯಾಗಿ ಮುಗಿಯುತ್ತದೆ, ಅವರ ಮಟ್ಟಿಗೆ ಹೊಟ್ಟೆಪಾಡೇ ಹೋಗುತ್ತದೆ. ಚೇಷ್ಟೆಯಲ್ಲಿ ಸುಮ್ಮನಿರುವವನು ಅಲ್ಲಿಯೂ ಸುಮ್ಮನಿರುತ್ತಾನೆ.

ನಾಲ್ಕನೇ ಭಾನುವಾರ ಅಪ್ಪ ಅರ್ಧ ಇಂಚು ಬಿಟ್ಟುಕೊಟ್ಟ ಜರ್ಸಿ ಹಾಕಿಕೊಂಡೇ ಹೋದೆ. ಕೆಳಗೆ ಗಂಡಸರ ಶಾರ್ಟ್ಸು. ಸಂಡೂರಿನ ಪಾಠ ಮರೆತಿರಲಿಲ್ಲ. ದಾರಿ ಹಂಪಿಯ ಮೇಲೆ ಕಂಪ್ಲಿಗೆ. ಮಹಾನವಮಿ ದಿಬ್ಬದ ಹತ್ತಿರ ನೀರು ಕುಡಿಯಲು ನಿಂತಾಗ ಬ್ಯಾಂಕಿನವರು ಮೆಲ್ಲಗೆ ಅಂದರು: “ಬೇಜಾರ್ ಮಾಡ್ಕೋಬ್ಯಾಡ್ರಿ, ತಮಾಷೆಗೆ ಅಂದಿದ್ದು.”

“ಹೆಂಡ್ತಿ ಆರ್ಡರ್ ಮಾಡಿದ್ದಲ್ಲ ಸರ್. ನಾನೇ ತಗೊಂಡಿದ್ದು. ನಂಗೆ ಇದೇ ಸರಿ ಹೊಂದೋದು,” ಅಂದೆ. ಅಷ್ಟು ಸಣ್ಣ ವಾಕ್ಯಕ್ಕೆ ನಾಲ್ಕು ವಾರ ಬೇಕಾಯಿತು.

ಗುಂಪಿನಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ಇದ್ದಾರೆ. ಬಿಟ್ಟರೆ ಎಲ್ಲಿ ಬೇಕಾದರೂ ಪಾಠ ಶುರು. ವಿಜಯನಗರದ ದೊರೆಗಳು, ಅಧಿಕಾರಿಗಳು ದರ್ಬಾರಿಗೆ ಹಾಕಿಕೊಂಡು ಬರುತ್ತಿದ್ದದ್ದು ಕಬಾಯಿ ಮತ್ತು ಕುಲ್ಲಾಯಿ, ಅಂದರೆ ಉದ್ದ ನಿಲುವಂಗಿ ಮತ್ತು ಎತ್ತರದ ಚೂಪು ಟೋಪಿ. ಎರಡೂ ಪದ ಅರಬ್ಬಿ, ಪಾರಸಿ ಕಡೆಯಿಂದ ಬಂದದ್ದು. ಯಾರ ಜೊತೆ ಯುದ್ಧ ಮಾಡುತ್ತಿದ್ದರೋ ಆ ಸುಲ್ತಾನರ ಶೈಲಿ. ಸುತ್ತಲ ಲೋಕದಲ್ಲಿ ಗತ್ತಿನ ಉಡುಪು ಅದಾಗಿತ್ತು, ಹಾಕಿಕೊಂಡರು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ ಕೃಷ್ಣದೇವರಾಯ ಇನ್ನೂ ಸ್ವಾರಸ್ಯ. ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಸಣ್ಣದೊಂದು ಬಟ್ಟೆ ಕಟ್ಟಿಕೊಂಡು ಕಸರತ್ತು, ಕುಸ್ತಿ. ಆಮೇಲೆ ಬೆಳಕಾಗುವ ತನಕ ಕುದುರೆ ಸವಾರಿ. ಅದೇ ರಾಯ ದರ್ಬಾರಿಗೆ ಬಂದಾಗ ಚಿನ್ನದ ಗುಲಾಬಿ ಹೂಗಳ ಕಸೂತಿ ಮಾಡಿದ ಬಿಳಿ ಉಡುಪು, ಕೊರಳಲ್ಲಿ ವಜ್ರದ ಒಡವೆ.

“ಅಂದ್ರೆ ರಾಯರು ಫ್ಲೋರಲ್ ಹಾಕ್ತಿದ್ರು,” ಅಂದರು ಡಾಕ್ಟ್ರು.

ಎಲ್ಲರೂ ನಕ್ಕೆವು. ಈ ಸಲ ನನ್ನ ನಗುವೂ ನಿಜದ್ದಾಗಿತ್ತು.

ಕಂಪ್ಲಿಯಲ್ಲಿ ನಮ್ಮ ಖಾಯಂ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಅಲ್ಲಿ ಯಾರೋ ಹೋಟೆಲಿನ ಅಜ್ಜನಿಗೆ ನನ್ನ ಜರ್ಸಿಯ ಕಥೆ ಹೇಳಿ ನ್ಯಾಯ ಕೇಳಿದರು. ಅಜ್ಜ ಎಣ್ಣೆ ಬಾಂಡ್ಲಿಯಿಂದ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಉಳಿದ ಎಂಟೂ ಜನರನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲರ ತೊಡೆಗೂ ಅಂಟಿಕೊಂಡ ಕರಿ ಬಟ್ಟೆ, ಮಿರಮಿರ ಮಿಂಚುವ ಬಣ್ಣದ ಅಂಗಿ.

“ನೀವು ಎಲ್ಲಾರೂ ಹುಡುಗೇರ ಲೆಗ್ಗಿನ್ಸ್ ಹಾಕ್ಕಂಡು ಬರ್ತೀರಿ ಅಂತ ನಾ ಅನ್ಕಂಡಿದ್ದೆ. ಇವನೊಬ್ಬನದು ಏನು ವಿಶೇಷ?” ಅಂದ.

ಆ ಬೀದಿಯ ಕಣ್ಣಿಗೆ ನಾವು ಒಂಬತ್ತು ಜನರೂ ಒಂದೇ. ಗಂಡಸರ ಜರ್ಸಿ, ಹೆಂಗಸರ ಜರ್ಸಿ ಅನ್ನುವ ಗೆರೆ ಇದ್ದದ್ದು ನಮ್ಮ ವಾಟ್ಸಾಪ್ ಗುಂಪಿನೊಳಗೆ ಮಾತ್ರ.

ಅಕ್ಕನನ್ನು ಕೊಟ್ಟದ್ದು ಕಂಪ್ಲಿಗೇ. ಉಳಿದವರು ಕೋಟೆ ಕಡೆ ಹೋದಾಗ ನಾನು ಅವಳ ಮನೆಗೆ ಹೋದೆ. ಸೈಕಲ್ ಕಟ್ಟೆಗೆ ಒರಗಿಸಿ, ನೀರು ಕುಡಿದು, ಜರ್ಸಿಯ ಕಥೆ ಪೂರ್ತಿ ಹೇಳಿದೆ. ನಕ್ಕಳು. ನಕ್ಕು ಮುಗಿದ ಮೇಲೆ 2010ರ ಮಾತು ತೆಗೆದೆ. ಎಷ್ಟು ವರ್ಷ ಬರುತ್ತಾ ಹೋಗುತ್ತಾ ಇದ್ದೇನೆ, ಅದನ್ನು ಯಾವತ್ತೂ ಮಾತಾಡಿರಲಿಲ್ಲ.

“ನೀ ಒಲ್ಲೆ ಅಂದಿದ್ದಕ್ಕ ನಂಗೇನೂ ಸಿಟ್ಟು ಬರ್ಲಿಲ್ಲ. ನೀ ಸಣ್ಣಾವಿದ್ದಿ,” ಅಂದಳು. ಒಲೆಯ ಕಡೆ ತಿರುಗಿಕೊಂಡೇ ಹೇಳುತ್ತಿದ್ದಳು. “ಮಾರೋ ಮುಂಚೆ ಒಂದು ಮಾತು ನನ್ನ ಯಾರೂ ಕೇಳ್ಲಿಲ್ಲ ನೋಡು, ಅದಕ್ಕ ಬಂತು. ಅದು ನಂದಾಗಿತ್ತಲ್ಲ. ನಮ್ಮ ಮನ್ಯಾಗ ನನ್ನ ಹೆಸರಿನಾಗ ಬಂದಿದ್ದು ಅದೊಂದೇ ಆಗಿತ್ತು.”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಪ್ಪಾಯ್ತು ಅಂದೆ. ಚಹಾ ಕುದಿಯಿತು, ಅವಳು ಸೋಸಿದಳು.

ಹೊಸ ಗ್ರೂಪ್ ಜರ್ಸಿಗೆ ಆರ್ಡರ್ ಕೊಡುವುದು ಆ ವಾರವೇ ಇತ್ತು. ಈ ಸಲ ಡಾಕ್ಟ್ರು ಪಟ್ಟಿ ಮಾಡಿದ್ದರು. ಹೆಸರಿನ ಮುಂದೆ ಗಂಡು ಹೆಣ್ಣು ಇಲ್ಲ, ಎದೆ, ಭುಜ, ಸೊಂಟ, ಉದ್ದ. ಎರಡು ಕಟಿಂಗ್, ಯಾರಿಗೆ ಯಾವುದು ಹೊಂದುತ್ತದೋ ಅದು. ಅಳತೆ ತೆಗೆಯುವ ಕೆಲಸ ಅಪ್ಪನಿಗೆ ವಹಿಸಿದ್ದೆವು. ಅಕ್ಕನಿಗೆ ಫೋನಿನಲ್ಲಿ ಪಟ್ಟಿ ತೋರಿಸಿ, “ನಿನ್ನ ಹೆಸರೂ ಹಾಕಲೇನು?” ಅಂದೆ.

“ಸೈಕಲ್ ಇಲ್ಲದಾಕಿಗೆ ಜರ್ಸಿ ಯಾಕೋ?”

“ಸೈಕಲ್ ನನ್ನ ಬಾಕಿ ಐತಲ್ಲ, ಕೊಡಸ್ತೀನಿ. ಬಾರ್ ಇರೋದು ಬೇಕೋ, ಇಲ್ಲದ್ದು ಬೇಕೋ?”

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೊರಗೆ ಬಂದಳು. ಕಟ್ಟೆಗೆ ಒರಗಿದ್ದ ನನ್ನ ಸೈಕಲ್ಲಿನ ಬಾರ್ ಮೇಲೆ ಕೈಯಿಟ್ಟು, ಬೀದಿಯ ಆ ತುದಿ ಈ ತುದಿ ಒಮ್ಮೆ ನೋಡಿದಳು.

“ಎರಡೂ ತುಳಿದು ನೋಡಿ ಹೇಳ್ತೀನಿ,” ಅಂದಳು.